ಕತ್ತು ತಿರುಗಿಸಿ ಕೂತ ಕಡ್ಡಿಬಾತು

"ಈ ಕತ್ತು ಯಾಕೆ ಹಿಂದಕ್ಕೇ ತಿರುಗುತ್ತೆ?"

ಮುದುಕಿ ಹಾಗೆ ಕೇಳಿದಾಗ ಡೇರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಲೆಯಲ್ಲಿ ಬೆಂಕಿ ಇತ್ತು, ಹೊರಗೆ ಗಾಳಿ ಇತ್ತು, ಅವಳ ಮಡಿಲಲ್ಲಿ ಅರ್ಧ ಮುಗಿದ ನಾನಿದ್ದೆ. ಅವಳು ನನ್ನ ಕತ್ತನ್ನು ಇನ್ನೊಮ್ಮೆ ಮುಂದಕ್ಕೆ ಬಗ್ಗಿಸಿ ದಾರ ಸುತ್ತಿದಳು. ಕೈ ಬಿಟ್ಟ ಕೂಡಲೇ ಅದು ಮೆಲ್ಲಗೆ ಹೊರಳಿ ಬೆನ್ನ ಮೇಲೆ ಒರಗಿತು. "ಹೋಗಲಿ, ನಿನ್ನಿಷ್ಟ" ಎಂದು ಮುದುಕಿ ಗಂಟು ಬಿಗಿದಳು.

ಹೀಗೆ ನನ್ನ ಹುಟ್ಟು.

ನಾನು ಒಂದು ಕಡ್ಡಿಬಾತು. ಒಣ ಕಡ್ಡಿಗಳನ್ನು ಕಟ್ಟಿ ಮಾಡಿದ ಹೆಬ್ಬಾತಿನ ರೂಪ. ಹಾರಿ ಹೋಗುವ ಬಾತುಗಳು ಮೇಲಿನಿಂದ ನನ್ನನ್ನು ಕಂಡು, ನಮ್ಮವರೇ ಯಾರೋ ಕೆಳಗೆ ಮೇಯುತ್ತಿದ್ದಾರೆ ಎಂದು ನಂಬಿ ಇಳಿಯಬೇಕು. ಇಳಿದಾಗ ಮರೆಯಲ್ಲಿ ಕೂತವನು ಕೋವಿ ಎತ್ತಬೇಕು. ನನ್ನ ಕಸುಬು ಇಷ್ಟೇ. ನಿಮ್ಮ ಹಳೆಯ ಕಾವ್ಯಗಳಲ್ಲಿ ಬೇಟೆಯ ಪ್ರಸಂಗವನ್ನು ಓದಿಸಿ ಕೇಳಿದವರಿಗೆ ದೀವ ಎಂಬ ಮಾತು ನೆನಪಿರಬಹುದು. ತನ್ನ ಕುಲದವರನ್ನೇ ಕರೆತರಲೆಂದು ಬೇಟೆಗಾರ ಪಳಗಿಸಿ ಸಾಕಿದ ಪ್ರಾಣಿ ಅದು. ನಾನೂ ಒಂದು ದೀವವೇ. ಅದಕ್ಕೆ ಉಸಿರಿತ್ತು, ನನಗಿಲ್ಲ.

ನಾನು ಹುಟ್ಟಿದ ನಾಡು ಭೂಮಿಯ ಉತ್ತರಕ್ಕಿದೆ. ಕೆನಡಾ ದೇಶದಲ್ಲಿ ಹಡ್ಸನ್ ಎಂಬ ಕೊಲ್ಲಿ ಇದೆಯಲ್ಲ, ಅದರ ದಂಡೆಯ ತಗ್ಗುನೆಲ. ಬೆಟ್ಟ ಇಲ್ಲ, ಗುಡ್ಡ ಇಲ್ಲ, ಒಂದು ದೊಡ್ಡ ಬಂಡೆಯೂ ಕಣ್ಣಿಗೆ ಬೀಳುವುದಿಲ್ಲ. ಊಟದ ತಟ್ಟೆಯ ಹಾಗೆ ಚಪ್ಪಟೆ. ಆ ತಟ್ಟೆಯ ತುಂಬ ನೀರು. ಪಾಚಿಯ ಕೆಳಗೆ ನೀರು, ಹುಲ್ಲಿನ ನಡುವೆ ನೀರು, ನೀರಿನ ಕೆಳಗೆ ಬೇಸಿಗೆಯಲ್ಲೂ ಕರಗದ ಹಿಮ. ಹೊಳೆಗಳು ಅಲ್ಲಿ ಅವಸರಪಡುವುದಿಲ್ಲ. ಪಾಚಿಯಲ್ಲಿ ನೆಂದೂ ನೆಂದೂ ಚಹಾದ ಬಣ್ಣಕ್ಕೆ ತಿರುಗಿದ ನೀರು, ಎತ್ತ ಹೋಗಲಿ ಎಂದು ಯೋಚಿಸುತ್ತ ಯೋಚಿಸುತ್ತ ಕೊನೆಗೆ ಕೊಲ್ಲಿ ಸೇರುತ್ತದೆ. ನಮ್ಮ ಹೊಳೆಯನ್ನು ಅಲ್ಲಿಯ ಜನ ಕಂದುಹೊಳೆ ಎನ್ನುತ್ತಿದ್ದರು.

ಆ ಜೌಗಿನಲ್ಲಿ ಬೆಳೆಯುವ ಒಂದು ಮರ ಟಾಮರಾಕ್. ಸೂಜಿಯೆಲೆಯ ಮರಗಳೆಲ್ಲ ಚಳಿಯಲ್ಲೂ ಹಸಿರು ಹೊತ್ತುಕೊಂಡು ನಿಂತರೆ ಇದೊಂದು ಮಾತ್ರ ಹೊನ್ನಿನ ಬಣ್ಣಕ್ಕೆ ತಿರುಗಿ, ಇದ್ದುದೆಲ್ಲವನ್ನೂ ಉದುರಿಸಿ, ಸರ್ವಸ್ವ ದಾನ ಕೊಟ್ಟವರ ಹಾಗೆ ಬರಿಮೈಯಲ್ಲಿ ನಿಲ್ಲುತ್ತದೆ. ಅದರ ಸಣ್ಣ ರೆಂಬೆಗಳು ನನ್ನ ಮೈ. ಎಲ್ಲೋ ಒಂದು ರೆಂಬೆ ಗಾಳಿಗೆ ತಿರುಚಿಕೊಂಡು ಬೆಳೆದಿತ್ತು. ಅದು ನನ್ನ ಕತ್ತಾಯಿತು.

ನನ್ನನ್ನು ಮಾಡಿದವಳು ಫಿಲೊಮೆನ್. ಆ ನಾಡಿನ ಮೂಲನಿವಾಸಿಗಳಾದ ಕ್ರೀ ಜನರ ಹೆಂಗಸು. ಆ ಜನ ಅಜ್ಜಿಯನ್ನು ಕೂಕುಮ್ ಎನ್ನುತ್ತಾರೆ. ನನಗೂ ಅವಳು ಕೂಕುಮ್ಮೇ. ಅವಳಿಗೆ ಇಬ್ಬರು ಗಂಡುಮಕ್ಕಳು, ಹಿರಿಯವನು ಇಗ್ನಾಸ್, ಕಿರಿಯವನು ಹೊನೊರೆ. ಕಂದುಹೊಳೆ ಕೊಲ್ಲಿಗೆ ಸೇರುವಲ್ಲಿ ಇದ್ದ ಜೌಗಿಗೆ ಇಗ್ನಾಸನೇ ಯಜಮಾನ. ಅಲ್ಲಿ ಯಜಮಾನ ಎಂದರೆ ನೆಲದ ಒಡೆಯ ಎಂದು ತಿಳಿಯಬೇಡಿ. ಬಾತುಗಳು ಬರುವ ಕಾಲದಲ್ಲಿ ಇವತ್ತು ಹೊಡೆಯಬಹುದೋ ಬಾರದೋ ಎಂದು ಹೇಳುವವನು, ಅಷ್ಟೇ. ಅವನು ಬೇಡ ಎಂದ ದಿನ ಯಾರೂ ಕೋವಿ ಮುಟ್ಟುವುದಿಲ್ಲ.

ಮೊದಲ ವಸಂತದಲ್ಲಿ ನನ್ನನ್ನು ಉಳಿದ ಕಡ್ಡಿಬಾತುಗಳ ಜೊತೆ ಚೀಲಕ್ಕೆ ತುಂಬುವಾಗ ಹೊನೊರೆ ನನ್ನನ್ನು ಎತ್ತಿ ಹಿಡಿದು ನಕ್ಕ.

"ಏನಮ್ಮ ಇದು? ಎಲ್ಲ ಬಾತೂ ಮೇಯ್ತಾ ಇದ್ರೆ ಇದೊಂದು ಮುನಿಸ್ಕೊಂಡು ಕೂತಿದೆ! ಹೊಸ ಸೊಸೆ ಥರ!"

"ಮುನಿಸಲ್ಲ ಕಣೋ, ನಿದ್ದೆ" ಎಂದಳು ಕೂಕುಮ್. "ಬಾತು ಮಲಗೋದೇ ಹಾಗೆ, ಕೊಕ್ಕು ಬೆನ್ನಲ್ಲಿ ಹುದುಗಿಸ್ಕೊಂಡು. ಒಂದಾದ್ರೂ ನಿಶ್ಚಿಂತೆಯಾಗಿ ಮಲಗಿದ್ರೆ ಮೇಲಿರೋವಕ್ಕೆ ಧೈರ್ಯ. ನೀನು ಊಟ ಆದ್ಮೇಲೆ ಮಲಗಲ್ವಾ, ಹಾಗೆ."

"ಊಟಕ್ಕೆ ಮೊದ್ಲೂ ಮಲಗ್ತಾನಮ್ಮ ಇವನು" ಎಂದ ಇಗ್ನಾಸ್.

ಅವಳ ಮಾತು ಸುಳ್ಳಾಗಲಿಲ್ಲ. ತಲೆ ತಗ್ಗಿಸಿ ಮೇಯುವ ಕಡ್ಡಿಬಾತುಗಳ ನಡುವೆ, ಕೊಂಚ ಒಣಗಿದ ಹುಲ್ಲಿನ ದಿಬ್ಬದ ಮೇಲೆ ಇಗ್ನಾಸ್ ನನ್ನನ್ನು ಕೂರಿಸುತ್ತಿದ್ದ. ದಕ್ಷಿಣದಿಂದ ಸಾಲುಸಾಲಾಗಿ ಹೆಬ್ಬಾತುಗಳು ಬರುತ್ತಿದ್ದವು. ಕಣ್ಣಿಗೆ ಕಾಣುವ ಮೊದಲೇ ಕೂಗು ಕೇಳುತ್ತಿತ್ತು. ದೂರದಲ್ಲಿ ಬಹಳ ಮಂದಿ ಒಟ್ಟಿಗೆ ಕುಳಿತು ಏನನ್ನೋ ಪಾರಾಯಣ ಮಾಡುತ್ತಿದ್ದಾರೇನೋ ಅನ್ನಿಸುವಂಥ ಕೂಗು. ಮರೆಗೂಡಿನಲ್ಲಿ ಬಗ್ಗಿ ಕೂತ ಇಗ್ನಾಸ್ ಬಾಯಿಗೆ ಕೈ ಹಿಡಿದು ಅವುಗಳ ದನಿಯಲ್ಲೇ ಉತ್ತರ ಕೊಡುತ್ತಿದ್ದ. ಅವು ಒಂದು ಸುತ್ತು ಸುತ್ತಿ, ರೆಕ್ಕೆ ಬಾಗಿಸಿ, ಕಾಲು ಚಾಚಿ ಇಳಿಯುತ್ತಿದ್ದವು. ಆಮೇಲೆ ನಡೆಯುವುದನ್ನು ನಾನು ನೋಡುತ್ತಿರಲಿಲ್ಲ. ನನ್ನ ಮುಖ ಹಿಂದಕ್ಕಿತ್ತು. ದೇವರು ನನಗೆ ಕೊಟ್ಟ ದಯೆ ಅದೊಂದೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕೊಲ್ಲುವವರು ಅವರು, ಆದರೆ ಕೊಂದದ್ದನ್ನು ಮರೆಯುವವರಲ್ಲ. ತಿಂದು ಉಳಿದ ತಲೆಬುರುಡೆಯನ್ನೂ ರೆಕ್ಕೆಯ ಎಲುಬನ್ನೂ ದಾರದಲ್ಲಿ ಕಟ್ಟಿ ಬಿಡಾರದ ಪಕ್ಕದ ಟಾಮರಾಕ್ ಮರಕ್ಕೆ ತೂಗುಹಾಕುತ್ತಿದ್ದರು. ನಾಯಿ ಮುಟ್ಟಬಾರದು, ಕಾಲಿಗೆ ಸಿಗಬಾರದು. ಸಂಜೆ ಕೂಕುಮ್ ಆ ಮರದ ಕೆಳಗೆ ನಿಂತು, ತನ್ನ ತಾಯಿಯಿಂದ ಕಲಿತ ಉದ್ದನೆಯ ಪದವನ್ನು ಒಂದೇ ಏರಿಳಿತದಲ್ಲಿ ಹೇಳುತ್ತಿದ್ದಳು. ಕಂದುಹೊಳೆಯ ಒಂದೊಂದು ತಿರುವಿನ ಹೆಸರೂ ಅದರಲ್ಲಿ ಬರುತ್ತಿತ್ತು, ಒಂದೊಂದು ತಿರುವಿನಲ್ಲಿ ವಾಸವಾಗಿರುವ ಜೀವದ ಹೆಸರೂ ಬರುತ್ತಿತ್ತು. ಕೊನೆಯ ಸಾಲು, "ನೀವು ಬಂದಿರಿ, ನಾವು ಉಂಡೆವು, ಮರಳಿ ಬನ್ನಿ." ಚೀಲದೊಳಗಿಂದ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಕಡ್ಡಿಯ ಮೈಯಲ್ಲಿ ಅಷ್ಟು ದನಿ ಹೇಗೆ ಉಳಿಯಿತೋ ಕಾಣೆ, ಇವತ್ತಿಗೂ ಉಳಿದಿದೆ.

ಕೂಕುಮ್ ಮಕ್ಕಳಿಗೆ ಕಟ್ಟಿಕೊಟ್ಟ ಕಟ್ಟಳೆಗಳಿದ್ದವು. ಗಾಳಿಯಿಲ್ಲದ ದಿನ ಹೊಡೆಯಬಾರದು, ಸದ್ದು ಬಹಳ ದೂರ ಹೋಗುತ್ತದೆ. ಒಂದು ಕಡೆ ಹೊಡೆದರೆ ಮರುದಿನ ಆ ಜಾಗಕ್ಕೆ ಬಿಡುವು ಕೊಡಬೇಕು. ಇವೆರಡನ್ನೂ ಮೀರಿದ ಇನ್ನೊಂದು: ಹೊತ್ತು ಮುಳುಗಿದ ಮೇಲೆ ಕೋವಿ ಎತ್ತಲೇಬಾರದು. ಕತ್ತಲಲ್ಲಿ ಕೋವಿಯ ಬಾಯಿಂದ ಬರುವ ಬೆಂಕಿ ಬಾತುಗಳಿಗೆ ಕಾಣುತ್ತದೆ. ಹಗಲಲ್ಲಿ ಸತ್ತ ಬಾತು ತಾನಾಗಿ ಬಂದು ಕೊಟ್ಟುಕೊಂಡ ಬಾತು. ಬೆಂಕಿ ಕಂಡ ಬಾತು ಮೋಸ ಕಂಡ ಬಾತು. ಅದು ತನ್ನ ಬಳಗಕ್ಕೆಲ್ಲ ಹೇಳುತ್ತದೆ. ಆಮೇಲೆ ಆ ಜೌಗಿಗೆ ಅವು ಇಳಿಯುವುದಿಲ್ಲ.

"ಹಾಗೇನಾದ್ರೂ ಆಗಿಬಿಟ್ರೆ?" ಎಂದು ಒಮ್ಮೆ ಹೊನೊರೆ ಕೇಳಿದ್ದ.

"ಕ್ಷಮೆ ಕೇಳ್ಬೇಕು. ಹೊಡೆದವನೊಬ್ಬ ಕೇಳಿದ್ರೆ ಆಗಲ್ಲ. ಉಂಡವರೂ ಕೇಳ್ಬೇಕು. ಎರಡು ಬಾಯಿ ಸೇರಿದ್ರೇ ಅದು ಅವಕ್ಕೆ ಮುಟ್ಟೋದು."

ಹಾಗೆಂದವಳಿಗಾಗಲಿ ಕೇಳಿದವರಿಗಾಗಲಿ ಆ ಮಾತು ತಮ್ಮ ಮನೆಗೇ ಬರುತ್ತದೆಂದು ಹೇಗೆ ಗೊತ್ತಿರಬೇಕು?

ಇಗ್ನಾಸನ ಹೆಂಡತಿ ಒಂದು ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಅವಳು ಬಿಟ್ಟುಹೋದ ಮಗಳು ಸೆರಾಫೀನ್, ಆಗಿನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಮುಂದಿನ ಚಳಿಗಾಲಕ್ಕೆ ಅದೇ ಕೆಮ್ಮು ಮಗಳಿಗೆ ಹತ್ತಿತು. ಆ ವರ್ಷ ಮೊಲ ಬಲೆಗೆ ಬೀಳಲಿಲ್ಲ, ಮೀನು ಹಿಮದ ಕೆಳಗೆ ಎಲ್ಲಿ ಅಡಗಿತೋ ಸಿಗಲಿಲ್ಲ. ಹಿಟ್ಟು ಮುಗಿದಿತ್ತು. ವಸಂತವಾದರೂ ಬೇಗ ಬರಬೇಡವೇ? ಹೆಪ್ಪುಗಟ್ಟಿದ ಹೊಳೆ ಒಡೆಯಲೇ ಇಲ್ಲ. ಹಿಮ ಹೊದ್ದುಕೊಂಡು, ಏಳಲಾರೆನೆನ್ನುವ ರೋಗಿಯ ಹಾಗೆ ಬಿದ್ದುಕೊಂಡಿತ್ತು.

ಆದರೂ ಬಿಡಾರ ಹೂಡಿದರು. ಹಿಮದ ನಡುವೆ ಅಲ್ಲೊಂದು ಇಲ್ಲೊಂದು ನೀರಿನ ಕಣ್ಣು ಕಂಡಿತ್ತು. ಅದರ ಸುತ್ತ ನಮ್ಮನ್ನು ಕೂರಿಸಿ ಇಗ್ನಾಸ್ ದಿನವೂ ಕಾದ. ಆಕಾಶ ಖಾಲಿ. ಸಂಜೆ ಬರಿಗೈಯಲ್ಲಿ ಡೇರೆಗೆ ಬಂದರೆ ಮಗಳು ಕೇಳುವಳು, "ಅಪ್ಪ, ಬಾತಿನ ಸಾರು?"

"ನಾಳೆ ಮಗಳೇ."

"ನಿನ್ನೆನೂ ನಾಳೆ ಅಂದೆ."

"ಬಾತು ದಾರಿಯಲ್ಲಿ ನಿದ್ದೆ ಮಾಡ್ತಾ ಇದೆ. ನಿನ್ನ ಚಿಕ್ಕಪ್ಪನ ಹಾಗೆ."

ಮೊದಮೊದಲು ಅದಕ್ಕೆ ಅವಳು ನಗುತ್ತಿದ್ದಳು. ಆಮೇಲೆ ನಗಲು ಹೋದರೆ ಕೆಮ್ಮು ಬರುತ್ತಿತ್ತು. ಇನ್ನೂ ಆಮೇಲೆ ನಗಲಿಲ್ಲ, ಕೇಳಲೂ ಇಲ್ಲ. ಕೊಟ್ಟ ಗಂಜಿ ಬಾಯಲ್ಲೇ ಉಳಿದು ಕಟವಾಯಿಯಿಂದ ಇಳಿದುಹೋಯಿತು. ಆ ದಿನ ಕೂಕುಮ್ ಡೇರೆಯಿಂದ ಹೊರಗೆ ಬಂದು ಕೊಲ್ಲಿಯ ಕಡೆ ನೋಡುತ್ತ ನಿಂತಳು. ಇಗ್ನಾಸ್ ಅವಳ ಬೆನ್ನನ್ನೇ ನೋಡಿದ. ಕೋವಿ ತೆಗೆದುಕೊಂಡು ಜೌಗಿಗೆ ಬಂದ.

ಅಂದು ಗಾಳಿ ಇರಲಿಲ್ಲ. ಹೊತ್ತು ಇಳಿಯಿತು, ಇಗ್ನಾಸ್ ಏಳಲಿಲ್ಲ. ಹೊತ್ತು ಮುಳುಗಿತು. ಪಡುವಣದಲ್ಲಿ ಒಲೆಯ ಕೆಂಡ ಬೂದಿಯಾಗುವ ಬಣ್ಣ ಉಳಿದಿತ್ತು. ಆಗ ಕೇಳಿತು ನೋಡಿ, ದಕ್ಷಿಣದಿಂದ ಆ ಪಾರಾಯಣ. ಮೊದಲು ಎಳೆಯಷ್ಟು, ಆಮೇಲೆ ಆಕಾಶದಷ್ಟು. ಮರೆಗೂಡಿನಲ್ಲಿ ಇಗ್ನಾಸ್ ಉತ್ತರ ಕೊಡಲಿಲ್ಲ. ಬಾಯಿಗೆ ಕೈ ಹಿಡಿದಿದ್ದ, ಆದರೆ ಕರೆಯುವುದಕ್ಕಲ್ಲ. ಅವು ಕರೆಯದೆಯೇ ಬಂದವು. ನಮ್ಮನ್ನು ನಂಬಿ ಬಂದವು. ಬಹಳ ದೂರ ಹಾರಿ ದಣಿದಿದ್ದವು. ಕೆಳಗೆ ನಿಶ್ಚಿಂತೆಯಾಗಿ ನಾನೊಬ್ಬಳು ಮಲಗಿದ್ದೆನಲ್ಲ.

ಹಿಂದಕ್ಕೆ ತಿರುಗಿದ ನನ್ನ ಮುಖ ಆ ಸಂಜೆ ಸರಿಯಾಗಿ ಮರೆಗೂಡಿಗೆ ಎದುರಾಗಿತ್ತು. ಇಗ್ನಾಸನ ಕಣ್ಣಿನಲ್ಲಿ ನೀರಿತ್ತು. ಕೋವಿ ಒಂದು ಸಲ ಇಳಿಯಿತು. ಮತ್ತೆ ಏರಿತು. ಅದರ ಬಾಯಿಂದ ಬೆಂಕಿಯ ನಾಲಗೆ ಹೊರಬಂದು ನೀರು, ಹಿಮ, ಹುಲ್ಲು, ರೆಕ್ಕೆಗಳ ಒಳಮೈ ಎಲ್ಲವನ್ನೂ ಒಂದು ಚಣ ಬೆಳಗಿತು.

ಒಂದು ಹೆಣ್ಣುಬಾತು ಬಿತ್ತು. ಉಳಿದವು ಕೂಗಿದ ಕೂಗನ್ನು ನಾನು ಹೇಳಲಾರೆ. ಇಗ್ನಾಸ್ ಅದನ್ನು ಎತ್ತಿಕೊಂಡು, ನಮ್ಮನ್ನೆಲ್ಲ ಅಲ್ಲೇ ಬಿಟ್ಟು, ಹಿಮದಲ್ಲಿ ಎಡವುತ್ತ ಡೇರೆಯ ಕಡೆ ಓಡಿದ.

ಹಿಂಡು ಹೊರಟುಹೋಯಿತು, ಆದರೆ ಒಂದು ಹೋಗಲಿಲ್ಲ. ಅದರ ಜೊತೆಗಾರ ಗಂಡುಬಾತು. ಹೆಬ್ಬಾತುಗಳು ಒಮ್ಮೆ ಜೊತೆಯಾದರೆ ಬದುಕಿರುವ ತನಕ ಜೊತೆ. ಅದು ತಗ್ಗಿನಲ್ಲಿ ಸುತ್ತಿತು, ಕರೆಯಿತು, ಸುತ್ತಿತು. ಕೊನೆಗೆ ನನ್ನ ದಿಬ್ಬದ ಹತ್ತಿರ ಇಳಿಯಿತು. ಅತ್ತಿತ್ತ ನೋಡಿತು. ಮೆಲ್ಲಗೆ ನಡೆದು ನನ್ನ ಬಳಿ ಬಂದು, ಬೆನ್ನಲ್ಲಿ ಹುದುಗಿದ ನನ್ನ ತಲೆಯನ್ನು ಕೊಕ್ಕಿನಿಂದ ಮುಟ್ಟಿತು. ಮಲಗಿದ್ದಾಳೆ ಎಂದುಕೊಂಡಿತು. ಎಬ್ಬಿಸಲಿಲ್ಲ. ಪಕ್ಕದಲ್ಲೇ ಮೈ ತಾಗಿಸಿ ಕೂತು ತಾನು ಕಾವಲು ಕಾಯಿತು.

ಉಸಿರಿರುವ ಗರಿ ನನ್ನ ಮೈಗೆ ತಾಗಿದ್ದು ಆ ಒಂದೇ ಸಲ. ಅದರ ಎದೆ ಏರಿ ಇಳಿಯುವುದು ನನ್ನ ಕಡ್ಡಿಗಳಿಗೆ ತಿಳಿಯುತ್ತಿತ್ತು. ನಾನು ಅವಳಲ್ಲ ಎಂದು ಹೇಳಲು ನನಗೆ ಬಾಯಿಲ್ಲ. ಅವಳೇ ಆಗೋಣವೆಂದರೆ ಬಿಸಿ ಇಲ್ಲ. ಬೆಳಕು ಹರಿದಾಗ ಅದು ಎದ್ದು, ಮತ್ತೊಮ್ಮೆ ನನ್ನ ಕತ್ತನ್ನು ಮುಟ್ಟಿ, ಈ ಸಲ ಚೆನ್ನಾಗಿ ನೋಡಿತು. ಕಡ್ಡಿ ಕಂಡಿತು, ದಾರ ಕಂಡಿತು. ಕೂಗದೆ ಹಾರಿತು. ಎಷ್ಟು ಎತ್ತರಕ್ಕೆ ಹಾರಿತೆಂದರೆ ಆಕಾಶ ಅದನ್ನು ನುಂಗುವ ತನಕ ನಾನು ನೋಡುತ್ತಲೇ ಇದ್ದೆ.

ಡೇರೆಯಲ್ಲಿ ಏನಾಯಿತೆಂಬುದು ಮರುದಿನ ಚೀಲ ಸೇರಿದ ಮೇಲೆ ಅವರಿವರ ಮಾತಿನಿಂದ ತಿಳಿಯಿತು. ಕೂಕುಮ್ ಬಾತನ್ನು ನೋಡಿದಳು, ಬಾಗಿಲ ಸಂದಿನಿಂದ ಕತ್ತಲನ್ನು ನೋಡಿದಳು, ಪುಕ್ಕ ತರಿದು ಸಾರಿಗಿಟ್ಟಳು. ಚಮಚದ ತುದಿಯಿಂದ ಮೊಮ್ಮಗಳ ತುಟಿಗೆ ಬಿಟ್ಟಳು. ಮೊದಲ ಚಮಚ ಹೊರಗೆ ಬಂತು. ಎರಡನೆಯದು ನಿಂತಿತು. ಬೆಳಗಾಗುವ ಹೊತ್ತಿಗೆ ಸೆರಾಫೀನ್ ಕಣ್ಣು ತೆರೆದು, "ಉಪ್ಪು ಕಮ್ಮಿ" ಎಂದಳಂತೆ. ಇಗ್ನಾಸ್ ಡೇರೆಯ ಹೊರಗೆ ಹೋಗಿ ಹಿಮದಲ್ಲಿ ಮಂಡಿಯೂರಿ ಕೂತನಂತೆ.

ಕೂಕುಮ್ ಆ ಸಾರನ್ನು ತಾನು ಮುಟ್ಟಲಿಲ್ಲ. ಮಗನಿಗೂ ಕೊಡಲಿಲ್ಲ. ಅದೆಲ್ಲ ಮಗುವಿನದೇ. ತಲೆಬುರುಡೆಯನ್ನು ಕೆಂಪು ದಾರದಲ್ಲಿ ಕಟ್ಟಿ ಮರಕ್ಕೆ ತೂಗುಹಾಕಿ ಬಂದು ಮಗನಿಗೆ ಹೇಳಿದಳು:

"ಹೊಡೆದವನು ನೀನು, ಕೇಳು. ಉಂಡವಳು ಅವಳು. ಈಗ ಅವಳಿಗೆ ಏನು ಗೊತ್ತಾಗುತ್ತೆ? ದೊಡ್ಡವಳಾಗಲಿ. ಆಗ ಅವಳೂ ಬಂದು ಇಲ್ಲಿ ನಿಂತು ಹೇಳ್ಬೇಕು, ತಪ್ಪಾಯ್ತು ಅಂತ. ಅಲ್ಲೀವರೆಗೂ ಅವು ಬರಲ್ಲ."

ಅವು ಬರಲಿಲ್ಲ.

ಮುಂದಿನ ವಸಂತದಲ್ಲಿ ಹಿಂಡುಗಳು ನಮ್ಮ ಜೌಗಿನ ಮೇಲೆ ಬಹಳ ಎತ್ತರದಲ್ಲಿ ಹಾದುಹೋದವು. ಇಗ್ನಾಸ್ ಕರೆದ; ಅವನ ದನಿ ಸವೆಯುವ ತನಕ ಕರೆದ. ಅದರ ಮುಂದಿನ ವರ್ಷವೂ ಹಾಗೆಯೇ. ಹೊನೊರೆ ಹೊಳೆಯ ಮೇಲ್ದಂಡೆಯಲ್ಲಿ ಬೇರೆ ಬಿಡಾರ ಹೂಡಿದ. ನಾಲ್ಕು ಜನರ ಎದುರಿಗೆ ಅಣ್ಣನನ್ನು ಕೆಣಕುತ್ತಿದ್ದ: "ಏನಣ್ಣ, ನಿನ್ನ ಜೌಗಲ್ಲಿ ಈ ವರ್ಷ ಸೊಳ್ಳೆ ಬೇಟೆ ಚೆನ್ನಾಗಿದೆಯಾ?" ಜನ ನಗುತ್ತಿದ್ದರು. ಇಗ್ನಾಸನೂ ನಗುತ್ತಿದ್ದ. ವರ್ಷವೂ ಒಬ್ಬನೇ ಆ ಮರದ ಕೆಳಗೆ ನಿಂತು, "ತಪ್ಪಾಯ್ತು, ಮರಳಿ ಬನ್ನಿ" ಎನ್ನುತ್ತಿದ್ದ. ಮಗಳು ಬೆಳೆಯುತ್ತಿದ್ದಳು. ಅವಳಿಗೆ ಕಥೆ ಗೊತ್ತಿತ್ತು. ಅಷ್ಟು ಕಡಿಮೆ ಜನರಿರುವ ಕಡೆ ಯಾರಿಗೆ ಏನು ಗೊತ್ತಿರುವುದಿಲ್ಲ? ಆದರೆ ನೀನೂ ಬಾ, ಹೇಳು ಎಂದು ಇಗ್ನಾಸ್ ಅವಳನ್ನು ಕೇಳಲಿಲ್ಲ. ಕೂಕುಮ್ ಸಾಯುವಾಗ ನೆನಪಿಸಿದಳು. ಆಗಲೂ ಕೇಳಲಿಲ್ಲ.

ಇನ್ನೊಂದು ಸಂಗತಿ ನಡೆಯುತ್ತಿತ್ತು. ಅದು ನನ್ನ ಮೈಗೆ ತಿಳಿದದ್ದು. ಜೌಗಿನಲ್ಲಿ ನಾನು ಕೂತ ದಿಬ್ಬ ವರ್ಷವರ್ಷಕ್ಕೆ ಒಣಗುತ್ತಿತ್ತು. ಮೊದಲು ಉಬ್ಬರ ಬಂದರೆ ನನ್ನ ಹೊಟ್ಟೆ ಒದ್ದೆಯಾಗುತ್ತಿತ್ತು. ಈಗ ನೀರು ದೂರದಲ್ಲೇ ನಿಂತು ಹಿಂದಿರುಗುತ್ತಿತ್ತು. ಬಾತುಗಳು ಮೇಯುವ ಎಳೆಹುಲ್ಲು ಹೋಗಿ ವಿಲ್ಲೋ ಪೊದೆ ಎದ್ದಿತು. ಒಂದು ಬೇಸಿಗೆ ನೆಲ ಅಳೆಯುವ ಇಬ್ಬರು ದೋಣಿಯಲ್ಲಿ ಬಂದಿದ್ದರು. ಅವರಲ್ಲಿ ಒಬ್ಬಳು ಇಗ್ನಾಸನಿಗೆ ಬಿಡಿಸಿ ಹೇಳಿದಳು: ಬಹಳ ಹಿಂದೆ ಈ ನೆಲದ ಮೇಲೆ ಪರ್ವತದಷ್ಟು ಹಿಮ ಕೂತಿತ್ತು, ಆ ಭಾರಕ್ಕೆ ನೆಲ ಕುಸಿದಿತ್ತು, ಹಿಮ ಕರಗಿದ ಮೇಲೆ ಇನ್ನೂ ಮೆಲ್ಲಗೆ ಏಳುತ್ತಿದೆ, ಕೊಲ್ಲಿ ಹಿಂದೆ ಸರಿಯುತ್ತಿದೆ. ಬಾತುಗಳು ಹೊಸ ದಂಡೆಗೆ ಹೋಗಿವೆ, ಅಷ್ಟೇ.

ಇಗ್ನಾಸ್ ಮರ್ಯಾದೆಯಿಂದ ಕೇಳಿಸಿಕೊಂಡು, ಚಹಾ ಬಗ್ಗಿಸಿಕೊಟ್ಟು, "ಸರಿಯಮ್ಮ, ನೆಲ ಎದ್ದಿರಬಹುದು. ಆದ್ರೆ ನನ್ನ ಕಡೆಯಿಂದ ಅದು ಎದ್ದು ಹೋಗಿದ್ದು ಯಾಕೆ ಅಂತ ನನಗೆ ಗೊತ್ತು" ಎಂದ.

ಅವಳ ಮಾತು ದಿಟವೋ ಇವನದು ದಿಟವೋ ನಾನು ಹೇಳಲಾರೆ. ನೆಲ ಏಳುವುದನ್ನೂ ಬಲ್ಲೆ, ಆ ಬೆಂಕಿಯನ್ನೂ ಕಂಡಿದ್ದೇನೆ.

ಆಮೇಲೆ ನಾನು ಕೈಯಿಂದ ಕೈಗೆ ಹೋದೆ. ಇಗ್ನಾಸ್ ಕಡ್ಡಿಬಾತುಗಳ ಚೀಲವನ್ನು ತಮ್ಮನಿಗೆ ಕೊಟ್ಟುಬಿಟ್ಟ. ಹೊನೊರೆಯ ಬಿಡಾರದಲ್ಲಿ ಕೆಲವು ವಸಂತ ದುಡಿದೆ. ಅಲ್ಲಿ ಬಾತುಗಳು ಇಳಿಯುತ್ತಿದ್ದವು, ಆದರೆ ಇಳಿದ ಪ್ರತಿಯೊಂದರಲ್ಲೂ ಆ ರಾತ್ರಿ ನನ್ನ ಪಕ್ಕ ಕಾವಲು ಕೂತ ಒಬ್ಬನನ್ನೇ ನಾನು ಹುಡುಕುತ್ತಿದ್ದೆ. ಬರಬರುತ್ತ ಅಂಗಡಿಯಿಂದ ಪ್ಲಾಸ್ಟಿಕ್ ಬಾತುಗಳು ಬಂದವು. ಹಗುರ, ಬಣ್ಣ ಬಣ್ಣ, ಎಲ್ಲದರ ಕತ್ತೂ ನೆಟ್ಟಗೆ. ನನ್ನ ಜೊತೆಗಿದ್ದವು ಒಂದೊಂದಾಗಿ ಒಲೆಯ ಉರಿಗಾದವು. ನನ್ನ ಸರದಿ ಬಂದಾಗ ಹೊನೊರೆ ನನ್ನನ್ನು ತಿರುಗಿಸಿ ನೋಡಿ, "ಅಮ್ಮ ಮಾಡಿದ್ದು" ಎಂದು ಬಿಟ್ಟ. ಎಷ್ಟಾದರೂ ಅವಳ ಮಗ. ಅವನಿಗೆ ಕಾಲು ನೋವು ಬಂದಾಗ ಹಳ್ಳಿಯ ಚಿಕಿತ್ಸಾಲಯದ ನರ್ಸಮ್ಮ ಬಹಳ ಚೆನ್ನಾಗಿ ನೋಡಿಕೊಂಡಳೆಂದು ನನ್ನನ್ನು ಅವಳಿಗೆ ಉಡುಗೊರೆ ಕೊಟ್ಟ.

ಚಿಕಿತ್ಸಾಲಯದ ಕಿಟಕಿಯ ಮೇಲಿನ ಹಲಗೆಯಲ್ಲಿ ನನ್ನ ವಾಸ. ಬಿಸಿ ಕೋಣೆ, ಔಷಧದ ವಾಸನೆ. ಕೆಮ್ಮುವವರು ಬರುತ್ತಿದ್ದರು, ಸೂಜಿಗೆ ಅಳುವ ಕೂಸುಗಳು ಬರುತ್ತಿದ್ದವು. ನನ್ನನ್ನು ತೋರಿಸಿ ತಾಯಂದಿರು ಸಮಾಧಾನ ಮಾಡುತ್ತಿದ್ದರು. ಜೀವ ತೆಗೆಯಲು ಹುಟ್ಟಿದ ನನಗೆ ಕೂಸು ಆಡಿಸುವ ಕೆಲಸ! ಅಲ್ಲಿ ನನ್ನ ಕಡ್ಡಿಗಳು ಒಣಗಿ ಪುಡಿಯಾಗತೊಡಗಿದವು. ಜೌಗಿನಲ್ಲಿ ಹುಟ್ಟಿದ ಮೈಗೆ ತೇವ ಬೇಕು.

ಒಂದು ದಿನ ಕ್ರೀ ಮಾತನ್ನು ನರ್ಸಮ್ಮನಿಗೆ ತಿಳಿಸಿ ಹೇಳಲು ಹೊಸದಾಗಿ ಒಬ್ಬ ಹೆಂಗಸು ಕೆಲಸಕ್ಕೆ ಸೇರಿದಳು. ನಡುವಯಸ್ಸು, ಅಗಲ ಮುಖ, ದೊಡ್ಡ ನಗು. ಒಳಗೆ ಬಂದವಳು ಕೋಟು ಕಳಚುತ್ತ ತಲೆಯೆತ್ತಿದಳು. ನಗು ನಿಂತಿತು.

"ಇದು ನಮ್ಮ ಕೂಕುಮ್‌ದು" ಎಂದಳು. "ಈ ಕತ್ತು ಇನ್ಯಾವ ಬಾತಿಗೂ ಇಲ್ಲ."

ನರ್ಸಮ್ಮ ನನ್ನನ್ನು ಇಳಿಸಿ ಅವಳ ಕೈಗಿಟ್ಟಳು. ಆ ಕೈ ಬೆಚ್ಚಗಿತ್ತು. ಸಾರಿನ ಚಮಚಕ್ಕೆ ಬಾಯಿ ತೆರೆಯಲಾರದೆ ಮಲಗಿದ್ದ ಮಗುವಿನ ಕೈ ಅದು, ಸೆರಾಫೀನಳದು.

ಇಗ್ನಾಸ್ ಆಗ ಮಗಳ ಮನೆಯಲ್ಲಿದ್ದ. ಎಂಬತ್ತು ದಾಟಿತ್ತು. ಎದೆಯಲ್ಲಿ ಉಸಿರು ನಿಲ್ಲುತ್ತಿರಲಿಲ್ಲ, ಹೊಳೆ ಒಡೆಯುವಾಗಿನ ಹಿಮದ ಹಾಗೆ ಕಟಕಟ ಎನ್ನುತ್ತಿತ್ತು. ನನ್ನನ್ನು ಮಡಿಲಿಗೆ ತೆಗೆದುಕೊಂಡು, ಬೆರಳಿನಿಂದ ಕತ್ತಿನ ತಿರುವನ್ನು ತಡವಿ ತಡವಿ ಗುರುತು ಹಿಡಿದ. ಆ ಚಳಿಗಾಲವೆಲ್ಲ ನಾನು ಅವನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಹಿಮ ಕರಗುವ ಕಾಲಕ್ಕೆ ಅವನು, "ಜೌಗಿಗೆ ಕರ್ಕೊಂಡು ಹೋಗು" ಎಂದ. ಹಟ ಮಾಡಿದ. ಸೆರಾಫೀನ್ ಮೋಟಾರು ದೋಣಿಯಲ್ಲಿ ಕಂಬಳಿ ಹಾಸಿ, ಅಪ್ಪನನ್ನು ಕೂರಿಸಿ, ಅವನ ತೊಡೆಯ ಮೇಲೆ ನನ್ನನ್ನಿಟ್ಟು ಹೊರಟಳು.

ಈಗ ನಾನಿರುವುದು ಆ ಟಾಮರಾಕ್ ಮರದಲ್ಲೇ. ಸೆರಾಫೀನ್ ನನ್ನನ್ನು ಅಂದು ಅಲ್ಲಿ ಕಟ್ಟಿದಳು. ಕಟ್ಟಿದ ದಾರ ಸಡಿಲವಾಗಿದೆ, ಮೈಯಲ್ಲಿ ಪಾಚಿ ಹತ್ತಿದೆ, ಹೊಟ್ಟೆಯಲ್ಲಿ ಒಂದು ಪುಟ್ಟ ಹಕ್ಕಿ ಗೂಡು ಮಾಡಿ ಹೋಗಿದೆ. ಪಕ್ಕದಲ್ಲಿ ಬಿಳಿಚಿದ ಎಲುಬುಗಳು ಗಾಳಿಗೆ ಒಂದಕ್ಕೊಂದು ತಾಗಿ ಟಿಕ್ ಟಿಕ್ ಎನ್ನುತ್ತವೆ. ಅವುಗಳಲ್ಲಿ ಒಂದರ ಕೆಂಪು ದಾರ ಈಗ ಕೆಂಪಲ್ಲ. ನಾನು ಕರೆದು ತಂದವಳೂ ನಾನೂ ಒಂದೇ ಕೊಂಬೆಯಲ್ಲಿದ್ದೇವೆ. ಅವಳು ನನ್ನ ಮೇಲೆ ಮುನಿದಿಲ್ಲವೆಂದು ಕಾಣುತ್ತದೆ. ಗಾಳಿ ಜೋರಾದಾಗ ಬಂದು ನನ್ನ ಬೆನ್ನಿಗೆ ತಾಗುತ್ತಾಳೆ. ಕತ್ತು ನೆಟ್ಟಗಿದ್ದವರು ಮುಂದೆ ಬರುವುದನ್ನು ನೋಡುತ್ತಾರೆ. ನನ್ನ ಪಾಲಿಗೆ ಬಂದದ್ದು ಹೋದದ್ದನ್ನು ನೋಡುವುದು. ನೋಡುತ್ತಿದ್ದೇನೆ.

ಹೇಳಲು ಉಳಿದದ್ದು ಆ ದಿನದ ಕೊನೆಯ ಮಾತು.

ದೋಣಿ ಕಟ್ಟಿ, ಪೊದೆಗಳ ನಡುವೆ ಸೆರಾಫೀನ್ ಅಪ್ಪನನ್ನು ಹೆಚ್ಚುಕಡಿಮೆ ಹೊತ್ತೇ ತಂದಳು. ನೀರಿದ್ದಲ್ಲಿ ವಿಲ್ಲೋ. ಮರೆಗೂಡು ಇದ್ದಲ್ಲಿ ವಿಲ್ಲೋ. ಇಗ್ನಾಸ್ ಮರಕ್ಕೆ ಒರಗಿ ಕೂತು ಬಹಳ ಹೊತ್ತು ಉಸಿರು ಹುಡುಕಿಕೊಂಡ. ಎತ್ತರದಲ್ಲಿ, ಬಹಳ ಎತ್ತರದಲ್ಲಿ, ಒಂದು ಹಿಂಡು ಕೊಲ್ಲಿಯ ಕಡೆಗೆ ಹಾದುಹೋಗುತ್ತಿತ್ತು. ಕೂಗು ಎಳೆಯಷ್ಟು ಕೇಳಿಸಿತು.

"ಕೇಳಿಸ್ತಾ?" ಎಂದ.

"ಕೇಳಿಸ್ತಪ್ಪ."

"ಈಗ ಅವಕ್ಕೂ ನಮ್ಮ ಮಾತು ಕೇಳ್ಸುತ್ತೆ." ಅವನು ಮಗಳ ಕೈ ಹಿಡಿದ. "ಇಷ್ಟು ವರ್ಷ ನಾನೊಬ್ಬನೇ ಕೇಳ್ದೆ. ನಿನ್ನನ್ನ ಕರೀಲಿಲ್ಲ. ಇನ್ನು ನನಗೆ ಹೊತ್ತಿಲ್ಲ ಮಗಳೇ. ಅಜ್ಜಿ ಹೇಳಿದ್ದು ನಿನಗೂ ಗೊತ್ತು, ಎರಡು ಬಾಯಿ ಬೇಕು. ಒಂದೇ ಮಾತು. ಆವತ್ತು ಹಾಗೆ ಆಗಬಾರದಿತ್ತು, ತಪ್ಪಾಯ್ತು ಅಂತ. ನಾನು ಹೇಳ್ತೀನಿ, ನನ್ನ ಜೊತೆ ನೀನೂ ಹೇಳು. ಆಮೇಲೆ ನಾನು ನೆಮ್ಮದಿಯಾಗಿ ಹೋಗ್ತೀನಿ."

ಸೆರಾಫೀನ್ ಆಕಾಶ ನೋಡಲಿಲ್ಲ. ಅವನ ತೊಡೆಯ ಮೇಲಿದ್ದ ನನ್ನನ್ನು ಎತ್ತಿಕೊಂಡಳು, ನನ್ನ ಕತ್ತಿನ ಹತ್ತಿರ ಬಿಚ್ಚಿಕೊಂಡಿದ್ದ ದಾರವನ್ನು ಹಲ್ಲಿನಲ್ಲಿ ಎಳೆದು ಬಿಗಿದಳು, ಕೆಂಪು ದಾರದ ಆ ಬುರುಡೆಯ ಪಕ್ಕದಲ್ಲಿ ಕೊಂಬೆಗೆ ಕಟ್ಟಿದಳು. ಆಮೇಲೆ ಅಪ್ಪನ ಎದುರು ಮಂಡಿಯೂರಿ, ಎರಡೂ ಕೈಯಲ್ಲಿ ಅವನ ಮುಖ ಹಿಡಿದಳು.

"ಇಲ್ಲ ಅಪ್ಪ" ಎಂದಳು. "ನೀನು ಬೇರೆ ಏನು ಕೇಳಿದ್ರೂ ಮಾಡ್ತೀನಿ. ಆ ಸಾರು ಕುಡಿದು ಬದುಕಿದ ಬಾಯಿ ಇದು. ಈ ಬಾಯಲ್ಲಿ ಆ ಮಾತು ನಾನು ಆಡಲ್ಲ."